ಇ ಡ್ರೈವ್ ಅಂತ ಒತ್ತಿದ್ರು, ಮದುವಿ ಫೋಟೋ ಹೋದ್ವು: ಪೆನ್‌ಡ್ರೈವ್ ಹೆಸರು ಗುರುತಿಸೋದು ಹ್ಯಾಂಗ?

ಕುಸನೂರ: "ನಮ್ಮ ಪೆನ್‌ಡ್ರೈವ್ ಯಾವಾಗಲೂ ಇ ಡ್ರೈವ್‌ನಾಗೇ ಬರ್ತದ ಅಣ್ಣಾ, ಅದಕ್ಕೇ ಫಾರ್ಮ್ಯಾಟ್ ಒತ್ತಿದೆ."

ಕುಸನೂರ ರೋಡಿನ ಝೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಹುಡುಗ ಇಷ್ಟು ಹೇಳಿ ಸುಮ್ಮನಾದ. ಎದುರಿಗೆ ನಿಂತಿದ್ದವರು ಕಮಲಾಪುರ ಕಡೆಯ ಒಬ್ಬ ಫೋಟೋಗ್ರಾಫರ್. ಅವರ 64 ಜಿಬಿ ಪೆನ್‌ಡ್ರೈವ್‌ನಲ್ಲಿ ಒಂದು ಮದುವೆಯ ಸುರಗಿಯಿಂದ ಅಕ್ಷತೆ ತನಕ ಎಲ್ಲ ಫೋಟೋ ಇದ್ದವು. ಕ್ಯಾಮೆರಾದ ಕಾರ್ಡನ್ನು ಮುಂದಿನ ಮದುವೆಗಂತ ಆಗಲೇ ಖಾಲಿ ಮಾಡಿದ್ದರು. ಹುಡುಗನಿಗೆ ಬೈಯಲಿಲ್ಲ. "ಹುಡುಗಿ ಅಪ್ಪಗ ನಾ ಏನ್ ಹೇಳ್ಲಿ ತಮ್ಮಾ" ಅಂದರು ಅಷ್ಟೇ.

ಅಂಗಡಿಯವರೂ ಫೋಟೋಗ್ರಾಫರೂ ಇಬ್ಬರೂ ಹೆಸರು ಹಾಕಬ್ಯಾಡ ಅಂದಿದ್ದಾರೆ. ಆದರೆ ಆಗಿದ್ದು ಏನು ಅಂತ ಬರೀಲಾಕ ಒಪ್ಪಿದ್ದಾರೆ. ಯಾಕಂದ್ರ ಇದು ಆ ಒಂದು ಅಂಗಡಿಯ ಕಥೆ ಅಷ್ಟೇ ಅಲ್ಲ. ಪಹಣಿ, ಪ್ಯಾನ್ ಕಾರ್ಡ್, ಥೀಸಿಸ್ ಪ್ರಿಂಟ್, ಲಗ್ನಪತ್ರಿಕೆ ಅಂತ ದಿನಾ ಹತ್ತಾರು ಪೆನ್‌ಡ್ರೈವ್ ಒಂದೇ ಕಂಪ್ಯೂಟರಿಗೆ ಹಚ್ಚಿ ತೆಗೆಯುವ ಅಂಗಡಿ ಪ್ರತಿ ಊರಲ್ಲೂ ಅದಾವ.

ಆ ದಿನ ಆಗಿದ್ದು ಇಷ್ಟು. ಅಂಗಡಿಯವರ ಸ್ವಂತ ಪೆನ್‌ಡ್ರೈವ್ ಕೂಡ 64 ಜಿಬಿಯದೇ. ದಿನಾ ಬೆಳಗ್ಗೆ ಮೊದಲು ಅದನ್ನೇ ಹಚ್ಚುವುದರಿಂದ ಅದು 'ಇ' ಅಂತ ತೋರಿಸುತ್ತಿತ್ತು. ಅವತ್ತು ಗಿರಾಕಿ ಬೇಗ ಬಂದರು, ಅವರ ಪೆನ್‌ಡ್ರೈವ್ ಮೊದಲು ಹಚ್ಚಿದರು. 'ಇ' ಅವರಿಗೆ ಹೋಯಿತು. ಆಮೇಲೆ ಹಚ್ಚಿದ ಅಂಗಡಿಯ ಪೆನ್‌ಡ್ರೈವ್ 'ಎಫ್' ಆಯಿತು. ಹುಡುಗನ ಕೈ ರೂಢಿಯಂತೆ 'ಇ' ಮೇಲೆ ಹೋಯಿತು. ಕಂಪ್ಯೂಟರ್ ಎಚ್ಚರಿಕೆ ಕೊಟ್ಟಿತ್ತು, ಎಲ್ಲ ಡೇಟಾ ಅಳಿಸಿ ಹೋಗ್ತದ ಅಂತ. ಆ ಎಚ್ಚರಿಕೆ ದಿನಾ ಬರುವಂಥದ್ದೇ. ಓಕೆ ಒತ್ತಿದ.

ಟವೆಲ್ ಹಾಕಿದವರಿಗೆ ಸೀಟು

'ಇ', 'ಎಫ್', 'ಜಿ' ಇವು ಪೆನ್‌ಡ್ರೈವ್‌ನ ಹೆಸರು ಅಂತ ಬಹಳ ಮಂದಿ ತಿಳ್ಕೊಂಡಾರ. ಇವು ಸೀಟ್ ನಂಬರ್ ಇದ್ದಂಗ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕೆಕೆಆರ್‌ಟಿಸಿ ಬಸ್ ಬಂದ ಕೂಡಲೇ ಕಿಟಕಿಯಿಂದ ಟವೆಲ್ ಹಾಕ್ತಾರಲ್ಲ, ಮೊದಲು ಹಾಕಿದವರಿಗೆ ಸೀಟು. ಕಂಪ್ಯೂಟರಿನ ಒಳಗೂ ಅದೇ ಲೆಕ್ಕ.

ವಿಂಡೋಸ್‌ನಲ್ಲಿ 'ಎ' ಮತ್ತು 'ಬಿ' ಹಳೆಯ ಫ್ಲಾಪಿ ಕಾಲದಿಂದ ಮೀಸಲು. ಇವತ್ತಿನ ಹುಡುಗರು ಫ್ಲಾಪಿ ನೋಡಿಯೇ ಇಲ್ಲ, 1.44 ಎಂಬಿ ಹಿಡಿಯುತ್ತಿದ್ದ ಆ ಚೌಕದ ಸೀಟು ಮಾತ್ರ ಇನ್ನೂ ಖಾಲಿ ಇಟ್ಟಾರ. ವಿಂಡೋಸ್ ಇರುವ ಜಾಗ 'ಸಿ'. ಹಾರ್ಡ್ ಡಿಸ್ಕನ್ನು ಭಾಗ ಮಾಡಿದ್ದರೆ 'ಡಿ' ಅದಕ್ಕೆ ಹೋಗುತ್ತದೆ. ಅಲ್ಲಿಂದ ಮುಂದಿನದು ಬಂದವರಿಗೆ ಬಂದಂಗ.

ಇಲ್ಲಿ ಒಂದು ಮೋಸ ಅದ. ವಿಂಡೋಸ್ ಒಮ್ಮೆ ನೋಡಿದ ಪೆನ್‌ಡ್ರೈವ್‌ನ ಅಕ್ಷರವನ್ನು ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಹಚ್ಚಿದಾಗ ಆ ಅಕ್ಷರ ಖಾಲಿ ಇದ್ದರೆ ಅದನ್ನೇ ಕೊಡುತ್ತದೆ. ಬೇರೆಯವರು ಕುಂತಿದ್ದರೆ ಮಾತ್ರ ಮುಂದಿನದು. ಹಿಂಗಾಗಿ ತಿಂಗಳುಗಟ್ಟಲೆ ನಿಮ್ಮ ಪೆನ್‌ಡ್ರೈವ್ 'ಇ' ಅಂತಲೇ ಬರುತ್ತದೆ, ನಿಮಗೂ ಅದೇ ರೂಢಿ ಬೀಳುತ್ತದೆ. ದಿನಾ ಬದಲಾಗಿದ್ದರೆ ದಿನಾ ನೋಡುತ್ತಿದ್ದಿರಿ. ನೂರು ಸಲ ಸರಿ ಬಂದು ನೂರಾ ಒಂದನೇ ಸಲ ತಪ್ಪಿದಾಗ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಮಾತು: ಈ ನೆನಪು ಇರುವುದು ಕಂಪ್ಯೂಟರಿನಲ್ಲಿ, ಪೆನ್‌ಡ್ರೈವ್‌ನಲ್ಲಿ ಅಲ್ಲ. ಮನೆಯಲ್ಲಿ 'ಎಫ್' ಆಗಿದ್ದು ಅಂಗಡಿಯಲ್ಲಿ 'ಜಿ' ಆಗಬಹುದು. "ಸರ್, ನನ್ನ ಫೈಲ್ ಎಫ್ ಡ್ರೈವ್‌ನಾಗ ಅದ" ಅಂತ ಗಿರಾಕಿ ಹೇಳಿದರೆ ಅದು ಅವರ ಮನೆಯ ಎಫ್.

ಹಂಗಾದ್ರ ಗುರುತು ಯಾವುದು?

ಪೆನ್‌ಡ್ರೈವ್ ತನ್ನ ಜೊತೆಗೇ ಹೊತ್ತು ತಿರುಗುವ ಗುರುತು ಮೂರು-ನಾಲ್ಕು ಅದಾವ. ಕಂಪನಿ ಹೆಸರು ಮತ್ತು ಮಾಡೆಲ್, ಅಳತೆ, ಸೀರಿಯಲ್ ನಂಬರ್, ಮತ್ತೆ ನಾವೇ ಕೊಡುವ ಲೇಬಲ್. ಮೊದಲಿನ ಮೂರು ಕಾರ್ಖಾನೆಯಿಂದ ಬಂದಿರುತ್ತವೆ.

ನನ್ನ ಪ್ರಕಾರ ಅಂಗಡಿಯವರಿಗೆ ಎಲ್ಲಕ್ಕಿಂತ ಉಪಯೋಗದ್ದು ಲೇಬಲ್. ದಿಸ್ ಪಿಸಿ ತೆಗೆದು, ನಿಮ್ಮ ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ರೀನೇಮ್ ಕೊಟ್ಟು ಅಂಗಡಿ ಹೆಸರು ಬರೆಯಿರಿ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಇರುವ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್‌ನಲ್ಲಿ 11 ಅಕ್ಷರ ಹಿಡಿಯುತ್ತದೆ, ಇಂಗ್ಲಿಷ್‌ನಲ್ಲೇ ಬರೆದರೆ ಯಾವ ಕಂಪ್ಯೂಟರಿನಲ್ಲೂ ತಕರಾರಿಲ್ಲ. ಈ ಲೇಬಲ್ ಪೆನ್‌ಡ್ರೈವ್ ಒಳಗೇ ಕೂಡುತ್ತದೆ, ಎಲ್ಲಿ ಹಚ್ಚಿದರೂ ಅದೇ ಕಾಣುತ್ತದೆ. ಆ ಝೆರಾಕ್ಸ್ ಅಂಗಡಿಯ ಪೆನ್‌ಡ್ರೈವ್‌ಗೆ ಲೇಬಲ್ ಇರಲಿಲ್ಲ, ಗಿರಾಕಿಯದಕ್ಕೂ ಇರಲಿಲ್ಲ. ಎರಡೂ 'ಯುಎಸ್‌ಬಿ ಡ್ರೈವ್' ಅಂತ ತೋರಿಸುತ್ತಿದ್ದವು. ಒಂದಕ್ಕಾದರೂ ಹೆಸರಿದ್ದರೆ ಹುಡುಗ ತಡೆಯುತ್ತಿದ್ದನೋ ಏನೋ.

ಗಿರಾಕಿಯ ಪೆನ್‌ಡ್ರೈವ್‌ಗೆ ನಾವು ಹೆಸರು ಬದಲಿಸುವಂತಿಲ್ಲ. ಅಲ್ಲಿ ನೋಡಬೇಕಾದ್ದು ಕೆಳಗಡೆ ಗಡಿಯಾರದ ಬಾಜೂಕ. ಪೆನ್‌ಡ್ರೈವ್ ಸುರಕ್ಷಿತವಾಗಿ ತೆಗೆಯುವ ಸಣ್ಣ ಚಿತ್ರ ಇರುತ್ತದಲ್ಲ, ಅದರ ಮೇಲೆ ಕ್ಲಿಕ್ ಮಾಡಿದರೆ ಮಾಡೆಲ್ ಹೆಸರು ಮೇಲೆ, ಅದರ ಕೆಳಗೇ ಲೇಬಲ್ ಮತ್ತು ಅಕ್ಷರ ಕಾಣುತ್ತದೆ. ಕ್ರೂಸರ್ ಬ್ಲೇಡ್ ಅಂದರೆ 'ಇ', ಡೇಟಾ ಟ್ರಾವೆಲರ್ ಅಂದರೆ 'ಎಫ್' ಅಂತ ಒಂದೇ ನೋಟಕ್ಕೆ ಸಿಗುತ್ತದೆ. ಎಜೆಕ್ಟ್ ಮಾಡಲಾಕ ಮಾತ್ರ ಇದು ಅಂತ ನಾವು ಬಿಟ್ಟೀವಿ.

ಇನ್ನೂ ಖಾತ್ರಿ ಬೇಕಿದ್ದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆಯಿರಿ. ಕೆಳಗಿನ ಅರ್ಧದಲ್ಲಿ ಡಿಸ್ಕ್ 0, ಡಿಸ್ಕ್ 1 ಅಂತ ಸಾಲಾಗಿ ಇರುತ್ತವೆ. ಎಡಗಡೆ ಚೌಕದಲ್ಲಿ ಆ ಸಾಮಾನಿನ ಒಟ್ಟು ಅಳತೆ, ಬಲಗಡೆ ಅದರೊಳಗಿನ ಭಾಗಗಳು ಮತ್ತು ಅಕ್ಷರ. ಎಡ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಕಂಪನಿ ಹೆಸರು ಬರುತ್ತದೆ. ಒಂದೇ ಪೆನ್‌ಡ್ರೈವ್ ಎರಡು ಅಕ್ಷರ ತೋರಿಸುತ್ತಿದ್ದರೆ ಗಾಬರಿ ಬೇಡ, ಅದರೊಳಗೆ ಎರಡು ಭಾಗ ಇರುತ್ತವೆ, ಅದು ಇಲ್ಲಿ ತಿಳಿಯುತ್ತದೆ. ನೋಡಿ ಮುಚ್ಚಿಬಿಡಿ, ಈ ಕಿಟಕಿಯಲ್ಲಿ ತಿಳಿಯದೇ ಏನೂ ಒತ್ತಬೇಡಿ.

ಅಳತೆ ನೋಡುವಾಗ ಒಂದು ಗೊಂದಲ ಎಲ್ಲರಿಗೂ ಬರುತ್ತದೆ. ಡಬ್ಬಿ ಮೇಲೆ 64 ಜಿಬಿ ಅಂತ ಇರುತ್ತದೆ, ಕಂಪ್ಯೂಟರ್ 58-59 ಅನ್ನುತ್ತದೆ. 32ರದ್ದು 29ರ ಸುತ್ತ, 1 ಟಿಬಿ ಹಾರ್ಡ್ ಡಿಸ್ಕ್ 931. ಕಂಪನಿಯವರು ಸಾವಿರದ ಲೆಕ್ಕ ಹಿಡಿತಾರ, ವಿಂಡೋಸ್ 1024ರ ಲೆಕ್ಕ ಹಿಡಿತದ, ಮತ್ತೆ ಸ್ವಲ್ಪ ಜಾಗ ಒಳಗಿನ ಕೆಲಸಕ್ಕೆ ಹೋಗುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ನಿಜವಾದ ಮೋಸ ಬೇರೆ ಅದ. ಕಡಿಮೆ ರೇಟಿಗೆ 1 ಟಿಬಿ, 2 ಟಿಬಿ ಅಂತ ಮಾರುವ ನಕಲಿ ಪೆನ್‌ಡ್ರೈವ್‌ಗಳು ಒಳಗಿನ ಚಿಪ್‌ಗೇ ಸುಳ್ಳು ಹೇಳಲು ಕಲಿಸಿರುತ್ತವೆ. ಕಂಪ್ಯೂಟರ್ ಕೂಡ 2 ಟಿಬಿ ಅಂತಲೇ ತೋರಿಸುತ್ತದೆ, ತುಂಬುತ್ತಾ ಹೋದಂತೆ ಫೈಲ್ ಕೆಡುತ್ತವೆ. ಅಂಥದ್ದನ್ನು ಹಿಡಿಯಲು ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಪುಕ್ಕಟೆ ಸಾಫ್ಟ್‌ವೇರ್ ಇವೆ. ಇಡೀ ಪೆನ್‌ಡ್ರೈವ್ ತುಂಬಿ ಮತ್ತೆ ಓದಿ ನೋಡುತ್ತವೆ.

ಟ್ಯಾಲಿ ಬ್ಯಾಕಪ್ ಎಲ್ಲಿಗೆ ಹೋಗ್ಲತ್ತದ?

ಕಿರಾಣಿ, ದಾಲ್ ಮಿಲ್, ಗೊಬ್ಬರದ ಅಂಗಡಿಯವರು ಇದನ್ನು ಓದಲೇಬೇಕು. ಸಂಜೆ ಅಂಗಡಿ ಮುಚ್ಚುವಾಗ ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವ್‌ಗೆ ಹೋಗುವಂಗ ಅಕೌಂಟೆಂಟ್ ಜಾಗ ಗುರುತು ಮಾಡಿ ಕೊಟ್ಟಿರುತ್ತಾರೆ. ಆ ಗುರುತಿನಲ್ಲಿ ಇರುವುದು ಅಕ್ಷರ ಮಾತ್ರ. ನಡುವೆ ಯಾರದೋ ಪೆನ್‌ಡ್ರೈವ್ ಹಚ್ಚಿ 'ಇ' ಅವರದಾದರೆ, ನಿಮ್ಮ ವ್ಯಾಪಾರದ ಲೆಕ್ಕ ಪೂರಾ ಅವರ ಜೇಬಿನಲ್ಲಿ ಹೋಗುತ್ತದೆ. ನಿಮ್ಮ ಪೆನ್‌ಡ್ರೈವ್‌ನಲ್ಲಿ ಹೊಸ ಬ್ಯಾಕಪ್ ಇರುವುದಿಲ್ಲ, ಅದು ಗೊತ್ತಾಗುವುದು ಕಂಪ್ಯೂಟರ್ ಕೆಟ್ಟ ದಿನ.

ಇದಕ್ಕೆ ಉಪಾಯ ಸರಳ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪೆನ್‌ಡ್ರೈವ್‌ನ ಬಲಗಡೆ ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ, ಡ್ರೈವ್ ಅಕ್ಷರ ಬದಲಿಸುವ ಸಾಲು ಒತ್ತಿ, 'ಟಿ' ಅಥವಾ 'ವಿ' ಅಂತ ದೂರದ ಅಕ್ಷರ ಕೊಡಿ. ಹೊಸದಾಗಿ ಬಂದವರು 'ಇ', 'ಎಫ್', 'ಜಿ' ಅಂತ ಮುಂದಿನಿಂದ ತುಂಬುತ್ತಾ ಬರುತ್ತಾರೆ, ಹಿಂದಿನ ಸೀಟಿಗೆ ಯಾರೂ ಬರುವುದಿಲ್ಲ. ಆಮೇಲೆ ಟ್ಯಾಲಿಯಲ್ಲೂ ಜಾಗ ಅದಕ್ಕೇ ಬದಲಿಸಿ. ಇದು ಆ ಒಂದು ಕಂಪ್ಯೂಟರಿಗೆ ಮಾತ್ರ. ಬ್ಯಾಕಪ್ ಆದ ಮೇಲೆ ಪೆನ್‌ಡ್ರೈವ್ ತೆರೆದು ಇವತ್ತಿನ ತಾರೀಖಿನ ಫೈಲ್ ಅದನೋ ಇಲ್ಲೋ ಒಮ್ಮೆ ನೋಡಿ.

ಲಿನಕ್ಸ್‌ನಲ್ಲಿ ಸೀಟಿನ ಹೆಸರೇ ಬೇರೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಕೂಡುವುದಿಲ್ಲ. ಯೂನಿವರ್ಸಿಟಿ ಹುಡುಗರು ರೂಮಿನಲ್ಲಿ ಹಳೆ ಲ್ಯಾಪ್‌ಟಾಪ್‌ಗೆ ಉಬುಂಟು, ಲಿನಕ್ಸ್ ಮಿಂಟ್ ಹಾಕ್ಕೊಳ್ಳಲತ್ತಾರ. ರಾಜ್ಯ ಸರ್ಕಾರದ ಕಿಯೋನಿಕ್ಸ್ 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ತೋರಿಸಿದ 'ಕಿಯೋ' ಎಂಬ ಅಗ್ಗದ ಪುಟ್ಟ ಕಂಪ್ಯೂಟರ್ ಕೂಡ ಲಿನಕ್ಸ್ ಮೇಲೆಯೇ ನಡೆಯುವಂಥದ್ದು. ನಮ್ಮ ಜಿಲ್ಲಾ ಉಸ್ತುವಾರಿ ಸಚಿವ ಪ್ರಿಯಾಂಕ್ ಖರ್ಗೆ ಅವರ ಐಟಿ-ಬಿಟಿ ಇಲಾಖೆಯದ್ದೇ ಯೋಜನೆ. ಹಂಗಾಗಿ ಲಿನಕ್ಸ್ ಹೆಸರು ತಿಳ್ಕೊಳ್ಳೋದು ಇನ್ನು ಮುಂದೆ ಅಂಗಡಿಯವರಿಗೂ ಬೇಕಾಗುತ್ತದೆ.

ಲಿನಕ್ಸ್‌ನಲ್ಲಿ 'ಸಿ', 'ಡಿ' ಇಲ್ಲ. ಮೊದಲು ಸಿಕ್ಕ ಡಿಸ್ಕ್ 'ಎಸ್‌ಡಿಎ', ಎರಡನೆಯದು 'ಎಸ್‌ಡಿಬಿ', ಮೂರನೆಯದು 'ಎಸ್‌ಡಿಸಿ'. ಪೂರ್ತಿ ವಿಳಾಸ ಬರೆಯುವಾಗ /ಡೆವ್/ಎಸ್‌ಡಿಬಿ ಅಂತ ಬರೆಯುತ್ತಾರೆ. ಹಿಂದೆ ನಂಬರ್ ಇದ್ದರೆ ಅದರೊಳಗಿನ ಭಾಗ: ಎಸ್‌ಡಿಬಿ1 ಅಂದರೆ ಎರಡನೇ ಡಿಸ್ಕಿನ ಮೊದಲ ಭಾಗ. 'ಎಸ್‌ಡಿ' ಬಂದಿದ್ದು ಸ್ಕಸಿ ಡಿಸ್ಕ್ ಅನ್ನುವ ಹಳೆಯ ಹೆಸರಿನಿಂದ. ಪೆನ್‌ಡ್ರೈವ್ ಯುಎಸ್‌ಬಿ ವೈರಿನಲ್ಲಿ ಬಂದರೂ ಒಳಗೆ ಮಾತಾಡುವುದು ಸ್ಕಸಿ ಭಾಷೆಯನ್ನೇ. ಅದಕ್ಕೇ ಹಾರ್ಡ್ ಡಿಸ್ಕಿಗೂ ಪೆನ್‌ಡ್ರೈವ್‌ಗೂ ಒಂದೇ ಮನೆತನದ ಹೆಸರು, ಅಪಾಯ ಇರುವುದೂ ಅಲ್ಲೇ.

ಯೂಟ್ಯೂಬ್ ವಿಡಿಯೋದಲ್ಲಿ ಯಾರೋ 'ಎಸ್‌ಡಿಬಿಗೆ ಬರೆಯಿರಿ' ಅನ್ನುತ್ತಾರೆ. ಅವರ ಕಂಪ್ಯೂಟರಿನಲ್ಲಿ ಅದು ಪೆನ್‌ಡ್ರೈವ್. ನಿಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಡಿಬಿ ನಿಮ್ಮ ಎರಡನೇ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ ಎಸ್‌ಡಿಸಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೂ ತಿರುವು ಮುರುವು. ಅವುಗಳ ಒಳಗಿನ ಎನ್‌ವಿಎಂಇ ಡಿಸ್ಕಿಗೆ ಬೇರೆ ಥರದ ಹೆಸರು ಇರುವುದರಿಂದ ಪೆನ್‌ಡ್ರೈವ್‌ಗೇ 'ಎಸ್‌ಡಿಎ' ಸಿಗುತ್ತದೆ. ಅಲ್ಲಿ 'ಎಸ್‌ಡಿಎ ಅಳಿಸು' ಅಂದರೆ ಸರಿ. ಅದೇ ಮಾತು ಹಳೆ ಕಂಪ್ಯೂಟರಿನಲ್ಲಿ ಒತ್ತಿದರೆ ಇಡೀ ಸಿಸ್ಟಮ್ ಹೋಗುತ್ತದೆ. ಒಂದೇ ಕಂಪ್ಯೂಟರಿನಲ್ಲೂ ಬಂದ್ ಮಾಡಿ ಮತ್ತೆ ಹಚ್ಚಿದಾಗ ಎಸ್‌ಡಿಎ, ಎಸ್‌ಡಿಬಿ ಅದಲು ಬದಲಾಗಬಹುದು, ಯಾಕಂದ್ರ ಯಾವ ಡಿಸ್ಕ್ ಮೊದಲು ಎಚ್ಚರ ಆಗ್ತದೋ ಅದಕ್ಕೆ ಮೊದಲ ಹೆಸರು.

ಎಜೆಕ್ಟ್ ಮಾಡದೇ ಎಳೆದು ಮತ್ತೆ ಹಚ್ಚಿದರೂ ಹೆಸರು ಜಿಗಿಯುತ್ತದೆ. ಮೊದಲಿನ ಎಸ್‌ಡಿಬಿಯನ್ನು ಸಿಸ್ಟಮ್ ಇನ್ನೂ ಹಿಡ್ಕೊಂಡಿರುತ್ತದೆ, ಅದಕ್ಕೇ ಅದೇ ಪೆನ್‌ಡ್ರೈವ್ ಈಗ ಎಸ್‌ಡಿಸಿ ಆಗುತ್ತದೆ. ಐದು ನಿಮಿಷದ ಹಿಂದೆ ಚೀಟಿ ಮೇಲೆ ಬರೆದಿಟ್ಟ ಹೆಸರೂ ನಂಬುವಂತಿಲ್ಲ.

ನೋಡುವುದು ಹ್ಯಾಂಗ ಅಂದ್ರ, ಉಬುಂಟು ಮತ್ತು ಮಿಂಟ್ ಎರಡರಲ್ಲೂ ಡಿಸ್ಕ್ಸ್ ಅನ್ನುವ ಆ್ಯಪ್ ಇರುತ್ತದೆ. ತೆರೆದರೆ ಎಡಗಡೆ ಕಂಪನಿ ಹೆಸರು ಮತ್ತು ಅಳತೆ, ಒಂದನ್ನು ಒತ್ತಿದರೆ ಬಲಗಡೆ ಕೆಳಗೆ ಡಿವೈಸ್ ಎಂಬ ಸಾಲಿನಲ್ಲಿ /ಡೆವ್/ ಹೆಸರು. ಟರ್ಮಿನಲ್ ಬಳಸುವವರು ಎಲ್, ಎಸ್, ಬಿ, ಎಲ್, ಕೆ ಈ ಐದು ಸಣ್ಣಕ್ಷರ ಕೂಡಿಸಿ ಬರೆದು ಎಂಟರ್ ಒತ್ತಿದರೆ ಎಲ್ಲ ಡಿಸ್ಕಿನ ಪಟ್ಟಿ ಗಿಡದ ಟೊಂಗೆಯಂತೆ ಬರುತ್ತದೆ. ಅದರ ಮುಂದೆ ಜಾಗ ಬಿಟ್ಟು ಅಡ್ಡಗೆರೆ ಮತ್ತು ದೊಡ್ಡಕ್ಷರದ ಎಸ್ ಹಾಕಿದರೆ ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಸಮೇತ ತೋರಿಸುತ್ತದೆ. ಕೊನೆಯ ಕಾಲಂನಲ್ಲಿ 'ಯುಎಸ್‌ಬಿ' ಅಂತ ಇದ್ದದ್ದೇ ಹೊರಗಿನಿಂದ ಹಚ್ಚಿದ್ದು, 'ಸಾಟಾ' ಅಂತ ಇದ್ದದ್ದು ಒಳಗಿನ ಡಿಸ್ಕ್. ಪಟ್ಟಿಯಲ್ಲಿ 'ಆರ್‌ಎಂ' ಅನ್ನುವ ಕಾಲಂ ಕೂಡ ಇರುತ್ತದೆ, 1 ಇದ್ದರೆ ತೆಗೆಯಬಹುದಾದದ್ದು ಅಂತ. ಅದನ್ನು ಪೂರ್ತಿ ನಂಬಬೇಡಿ, ಯುಎಸ್‌ಬಿ ಹಾರ್ಡ್ ಡಿಸ್ಕ್‌ಗಳು ಎಷ್ಟೋ ಸಲ 0 ಅಂತಲೇ ತೋರಿಸುತ್ತವೆ.

ಬೂಟೆಬಲ್ ಪೆನ್‌ಡ್ರೈವ್ ಮಾಡುವಾಗ ಬಳಸುವ 'ಡಿಡಿ' ಕಮಾಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲಿಂದ, ಎಲ್ಲಿಗೆ ಅಂತ ಎರಡು ಮಾತು ಕೊಡಬೇಕು, ಅದು ತಿರುಗಿ ಕೇಳುವುದಿಲ್ಲ, ಬರೆದುಬಿಡುತ್ತದೆ. ಇದನ್ನು 'ಡಿಸ್ಕ್ ಡಿಸ್ಟ್ರಾಯರ್' ಅಂತ ತಮಾಷೆ ಮಾಡುತ್ತಾರೆ. ವಿಂಡೋಸ್‌ನಲ್ಲಿ ರೂಫಸ್ ಬಳಸುವವರು ಒಂದು ಗಮನಿಸಿ: ಅದು ಯುಎಸ್‌ಬಿ ಹಾರ್ಡ್ ಡಿಸ್ಕ್‌ಗಳನ್ನು ಬೇಕಂತಲೇ ಪಟ್ಟಿಯಿಂದ ಮರೆ ಮಾಡಿರುತ್ತದೆ. ತೋರಿಸು ಅನ್ನುವ ಟಿಕ್ ಹಾಕಬೇಡಿ. ಹಂಗ ಮಾಡಿದ ಪೆನ್‌ಡ್ರೈವ್ ಆಮೇಲೆ ವಿಂಡೋಸ್‌ನಲ್ಲಿ ಕೆಲವೇ ಎಂಬಿ ತೋರಿಸಿದರೆ ಅದು ಕೆಟ್ಟಿಲ್ಲ, ಉಳಿದ ಜಾಗ ವಿಂಡೋಸ್‌ಗೆ ಓದಲು ಬರುವುದಿಲ್ಲ ಅಷ್ಟೇ. ಕೆಟ್ಟಿದೆ ಅಂತ ಒಗೆದವರನ್ನು ನಾನೇ ನೋಡೀನಿ.

ಎಲ್ಲಕ್ಕಿಂತ ಖಾತ್ರಿಯಾದ ದಾರಿಗೆ ಯಾವ ಕಮಾಂಡೂ ಬೇಡ. ಪಟ್ಟಿ ನೋಡಿ, ಪೆನ್‌ಡ್ರೈವ್ ತೆಗೆಯಿರಿ, ಮತ್ತೆ ಪಟ್ಟಿ ನೋಡಿ. ಯಾವುದು ಮಾಯ ಆಯಿತೋ ಅದೇ ಅದು. ಮತ್ತೆ ಹಚ್ಚಿದ ಮೇಲೆ ಹೆಸರು ಇನ್ನೊಮ್ಮೆ ನೋಡಿ. ಫಾರ್ಮ್ಯಾಟ್ ಮಾಡುವಾಗ ಆ ಒಂದು ಪೆನ್‌ಡ್ರೈವ್ ಬಿಟ್ಟು ಬೇರೆ ಯಾವುದೂ ಹಚ್ಚಿರಬಾರದು. ಅಂಗಡಿಯಲ್ಲಿ ಗಿರಾಕಿ ಸಾಲು ನಿಂತಾಗ ಇದು ಕಿರಿಕಿರಿಯೇ, ಅರ್ಧ ನಿಮಿಷ ಹಿಡಿಯುತ್ತದೆ.

ಆ ಫೋಟೋಗಳು ಏನಾದವು?

ಹುಡುಗ ಒತ್ತಿದ್ದು ಕ್ವಿಕ್ ಫಾರ್ಮ್ಯಾಟ್. ಅದು ಪುಸ್ತಕದ ಪರಿವಿಡಿ ಪುಟ ಹರಿದಂಗ, ಒಳಗಿನ ಪುಟ ಇನ್ನೂ ಇರುತ್ತವೆ. ಕ್ವಿಕ್ ಅನ್ನುವ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದ್ದರೆ ವಿಂಡೋಸ್ ಎಲ್ಲದರ ಮೇಲೂ ಸೊನ್ನೆ ಬರೆಯುತ್ತಿತ್ತು, ಆಗ ಯಾರಿಂದಲೂ ಆಗುತ್ತಿರಲಿಲ್ಲ. ಮಾಲಕರು ಒಂದು ಒಳ್ಳೆ ಕೆಲಸ ಮಾಡಿದರು, ತಪ್ಪು ತಿಳಿದ ಕೂಡಲೇ ಪೆನ್‌ಡ್ರೈವ್ ತೆಗೆಸಿ ಬಾಜೂಕ ಇಟ್ಟರು. ಅದರ ಮೇಲೆ ಹೊಸದೇನೂ ಬರೆಯಲಿಲ್ಲ. ಇಂಥ ಹೊತ್ತಲ್ಲಿ ಗಾಬರಿಯಾಗಿ ಮತ್ತೆ ಏನೋ ಕಾಪಿ ಮಾಡಿದರೆ ಉಳಿದದ್ದೂ ಹೋಗುತ್ತದೆ.

ಮರುದಿನ ಪರಿಚಯದವರೊಬ್ಬರು ಫೋಟೋರೆಕ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಹುಡುಕಿದರು. ಸಿಕ್ಕಿದ್ದನ್ನು ಅದೇ ಪೆನ್‌ಡ್ರೈವ್‌ಗೆ ಬರೆಯದೇ ಬೇರೆ ಡಿಸ್ಕಿಗೆ ಇಳಿಸಿದರು. ಬಹುಪಾಲು ಫೋಟೋ ಬಂದವು. ಆದರೆ ಈ ಸಾಫ್ಟ್‌ವೇರ್ ಹಳೆಯ ಫೈಲ್ ಹೆಸರು, ಫೋಲ್ಡರ್ ಏನೂ ತರುವುದಿಲ್ಲ. ಅರಿಶಿಣ, ಸುರಗಿ, ಅಕ್ಷತೆ, ಊಟದ ಪಂಗತಿ ಎಲ್ಲಾ ಒಂದರಾಗ ಒಂದು ಕಲಸಿ ಹೋಗಿದ್ದವು. ಹಳೆ ಮದುವೆಯ ಒಂದಿಷ್ಟು ಫೋಟೋನೂ ನಡುವೆ ಸೇರಿದ್ದವು, ಅವನ್ನು ಅವರು ಎಂದೋ ಅಳಿಸಿದ್ದರಂತೆ. ವಿಡಿಯೋ ಎರಡು ಅರ್ಧಕ್ಕೇ ನಿಂತಿದ್ದವು.

ಫೋಟೋಗ್ರಾಫರ್ ಮೂರು ರಾತ್ರಿ ಕುಂತು ಒಂದೊಂದಾಗಿ ಹೊಂದಿಸಿದರು. ಆಲ್ಬಮ್ ಎರಡು ವಾರ ತಡವಾಗಿ ಹೋಯಿತು. ಝೆರಾಕ್ಸ್ ಅಂಗಡಿಯ ಪೆನ್‌ಡ್ರೈವ್‌ಗೆ ಈಗ ಲೇಬಲ್ ಬಂದಿದೆ, ಮೇಲೆ ಕೆಂಪು ದಾರ ಕಟ್ಟಿದ್ದಾರೆ. ಗಿರಾಕಿಯ ಪೆನ್‌ಡ್ರೈವ್ ಮೇಜಿನ ಮೇಲಿದ್ದಾಗ ಅಂಗಡಿಯದು ಡ್ರಾವರ್‌ನಲ್ಲಿ ಇರುತ್ತದೆ.